ಪೆಟ್ಟಿಗೆಯ ಮೇಲಿಟ್ಟ ಕೈ

"ಗುರುಗಳೇ, ಚಿಂತೆಯನ್ನು ಬಿಡು ಎನ್ನುತ್ತೀರಿ. ಆದರೆ ಪ್ರೀತಿ ಇದ್ದ ಕಡೆ ಚಿಂತೆ ಇದ್ದೇ ಇರುತ್ತದೆ. ಚಿಂತೆಯನ್ನು ಬಿಟ್ಟರೆ ಪ್ರೀತಿಯನ್ನೂ ಬಿಟ್ಟಂತೆ ಆಗುವುದಿಲ್ಲವೇ?"

ಕೇಳಿದವನು ಶಂಭುಲಿಂಗ. ಮಠದಲ್ಲಿ ಓದಲು ಬಂದವನು. ಅವನ ತಮ್ಮ ಆ ವರ್ಷ ಮೊದಲ ಸಲ ಮನೆ ಬಿಟ್ಟು ದೂರದ ಊರಿನ ಹಾಸ್ಟೆಲ್ ಸೇರಿದ್ದ. ಶಂಭುಲಿಂಗ ಬೆಳಿಗ್ಗೆಯೂ ಸಂಜೆಯೂ ಫೋನ್ ಮಾಡುತ್ತಿದ್ದ. ಹೊಟ್ಟೆ ತುಂಬ ಉಂಡೆಯಾ, ನೀರು ಕಾಯಿಸಿ ಕುಡಿದೆಯಾ, ಕೋಣೆಗೆ ಒಳಗಿನಿಂದ ಚಿಲಕ ಇದೆಯಾ ಎಂದು ವಿಚಾರಿಸುತ್ತಿದ್ದ. ಈಚೆಗೆ ತಮ್ಮ ಫೋನ್ ಎತ್ತುವುದು ಕಡಿಮೆಯಾಗಿತ್ತು. ಅದರಿಂದ ಅಣ್ಣನ ಕಳವಳ ಇನ್ನಷ್ಟು ಹೆಚ್ಚಿತ್ತು.

ಗುರುಗಳು ಅವನನ್ನು ಕುಳ್ಳಿರಿಸಿಕೊಂಡರು. "ಒಬ್ಬ ಬಸ್ ಚಾಲಕನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಪಟ್ಟಣದಲ್ಲಿ ಒಬ್ಬ ಬಸ್ ಚಾಲಕನಿದ್ದ. ಅವನ ಕಿವಿ ಬಲು ಸೂಕ್ಷ್ಮ. ಒಮ್ಮೆ ಘಾಟಿ ಇಳಿಯುವ ಮೊದಲು ಚಕ್ರದ ಬಳಿ ಅವನಿಗೆ ಒಂದು ಸಣ್ಣ ಸದ್ದು ಕೇಳಿಸಿತು. ಬೇರೆ ಯಾರಿಗೂ ಅದು ಕೇಳಿಸಿರಲಿಲ್ಲ. ಅವನು ಬಸ್ಸನ್ನು ಬದಿಗೆ ನಿಲ್ಲಿಸಿದ. ಹೊತ್ತಾಯಿತೆಂದು ಪ್ರಯಾಣಿಕರು ಗೊಣಗಿದರು, ಕೆಲವರು ಬೈದರು. ಅವನು ಜಗ್ಗಲಿಲ್ಲ. ಡಿಪೋದಿಂದ ಮೆಕ್ಯಾನಿಕ್ ಬಂದು ನೋಡಿದಾಗ ಬ್ರೇಕಿನ ಗಾಳಿಯ ಪೈಪು ಬಿರಿದಿತ್ತು. ಬೈದವರೇ ಇಳಿದು ಬಂದು ಅವನಿಗೆ ಕೈ ಮುಗಿದರು.

ಅಂದಿನಿಂದ ಚಾಲಕ ತನ್ನ ಭಯವನ್ನು ನಂಬತೊಡಗಿದ. ಮನಸ್ಸಿನಲ್ಲಿ ಅಳುಕು ಹುಟ್ಟಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದುಕೊಂಡ.

ಅವನಿಗೆ ಒಬ್ಬಳೇ ಮಗಳು. ಕಾಲೇಜಿಗೆ ಹೋಗುತ್ತಿದ್ದಳು. ಅವಳದು ಮಾತು ಕಡಿಮೆ. ಗೆಳತಿಯರೆಂದು ಮನೆಗೆ ಬಂದವರಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಅವಳೇ ಬಾಯಿ ತೆರೆದಳು.

"ಅಪ್ಪ, ಕಾಲೇಜಿನಲ್ಲಿ ಹುಡುಗಿಯರದ್ದೊಂದು ತಂಡ ಆಗಿದೆ. ಕಂಪ್ಯೂಟರಿನಲ್ಲಿ ಆಡುವ ಆಟ. ಬೇರೆ ಕಾಲೇಜುಗಳ ಮೇಲೆ ಪಂದ್ಯ ಇರುತ್ತೆ. ನನ್ನನ್ನೂ ಕರೆದಿದ್ದಾರೆ."

"ಆಡು. ಬೇಡ ಅಂದವರು ಯಾರು?"

"ಅವರೆಲ್ಲ ಅವರವರ ಮನೆಯಿಂದಲೇ ಸೇರಿ ಆಡ್ತಾರೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ."

ಮಗಳನ್ನು ಯಾರೋ ಕರೆದರು ಎಂಬುದೇ ಚಾಲಕನಿಗೆ ಹಬ್ಬವಾಯಿತು. ಹೊಸ ಕಂಪ್ಯೂಟರ್ ಅವನ ಕೈಗೆ ಎಟುಕುವಂತಿರಲಿಲ್ಲ. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿದ ಕಂಪ್ಯೂಟರುಗಳನ್ನು ಒಟ್ಟಿಗೆ ಮಾರಿಬಿಡುತ್ತವೆ, ಅವನ್ನು ತಂದು ಅಗ್ಗಕ್ಕೆ ಕೊಡುವ ಅಂಗಡಿಯೊಂದು ಪೇಟೆಯಲ್ಲಿದೆ ಎಂದು ಡಿಪೋದಲ್ಲಿ ಯಾರೋ ಹೇಳಿದರು. ಅವನು ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದ.

ಅಂಗಡಿಯವನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು. "ಕಚೇರಿಯಲ್ಲಿ ದುಡಿದ ಸಾಮಾನು ಅಣ್ಣ, ಗಟ್ಟಿಮುಟ್ಟಾಗಿದೆ. ಆದರೆ ಇದನ್ನು ಮಾಡಿದ್ದು ಬರೆಯೋ ಕೆಲಸಕ್ಕೆ. ಆಟ ಆಡಬೇಕು ಅಂದರೆ ಒಳಗೆ ಒಂದಿಷ್ಟು ಹೊಸದು ಹಾಕಬೇಕು" ಎಂದ.

ಮಗಳು ಅವನೊಂದಿಗೆ ಮಾತಿಗಿಳಿದಳು. ಏನು ಆಡಬೇಕು, ಅದಕ್ಕೆ ಏನೇನು ಬೇಕು ಎಂದು ವಿವರಿಸಿದಳು. ಮನೆಯಲ್ಲಿ ವಾರವೆಲ್ಲ ಆಡದಷ್ಟು ಮಾತನ್ನು ಅಲ್ಲಿ ನಿಂತಲ್ಲೇ ಆಡಿದಳು. ಚಾಲಕ ಕಂಪ್ಯೂಟರಿನ ಪೆಟ್ಟಿಗೆಯ ಹಿಂಬದಿಗೆ ಬಗ್ಗಿ ವೈರು ಸಡಿಲವಾಗಿದೆಯೋ ಎಂದು ಒತ್ತಿ ನೋಡುತ್ತಿದ್ದ.

ಮೊದಲು ಕೊಂಡದ್ದು ತೆಳ್ಳನೆಯ ಪೆಟ್ಟಿಗೆ. ಅದಕ್ಕೆ ಹೆಚ್ಚಿನ ಮೆಮೊರಿ ಹಾಕಿಸಿದರು. ಹಳೆಯ ಡಿಸ್ಕ್ ತೆಗೆದು ಬೇಗ ಓಡುವ ಹೊಸ ಡಿಸ್ಕ್ ಹಾಕಿಸಿದರು. ಆಮೇಲೆ ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ತಂದರು. ಅದು ಆ ಪೆಟ್ಟಿಗೆಯೊಳಗೆ ಕೂರಲೇ ಇಲ್ಲ. ಮಗಳ ಮುಖ ಸಣ್ಣದಾಯಿತು. ಅಂಗಡಿಯವನು ಒಳ್ಳೆಯವನಾದ್ದರಿಂದ ಪೆಟ್ಟಿಗೆಯನ್ನು ವಾಪಸ್ಸು ತೆಗೆದುಕೊಂಡು ಅದೇ ಕಂಪನಿಯ ಎತ್ತರದ ಪೆಟ್ಟಿಗೆ ಕೊಟ್ಟ. ಹೊಸ ಮೆಮೊರಿ, ಡಿಸ್ಕ್ ಎರಡನ್ನೂ ಅದಕ್ಕೆ ಬದಲಿಸಿ, ಕಾರ್ಡನ್ನೂ ತಾನೇ ಕೂರಿಸಿದ.

"ಇದಕ್ಕೆ ಬೇರೆ ವೈರು ಬೇಡ, ಬೋರ್ಡಿನಿಂದಲೇ ಕರೆಂಟು ತಗೊಳ್ಳುತ್ತೆ. ಇದಕ್ಕಿಂತ ದೊಡ್ಡ ಕಾರ್ಡು ಮಾತ್ರ ಹಾಕಬೇಡಿ. ಇದರ ಪವರ್ ಸಪ್ಲೈ ಕಚೇರಿ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕರೆಂಟು ಕೊಡೋದು."

"ಈಗ ಹಾಕಿದ್ದನ್ನು ತಡೆಯುತ್ತಾ?"

"ತಡೆಯುತ್ತೆ. ಆದರೂ ಹಳೇ ಸಾಮಾನು ಅಣ್ಣ. ಗ್ಯಾರಂಟಿ ಅಂತ ಬಾಯಿಬಿಟ್ಟು ಹೇಳಲಾರೆ."

ಮಗಳು ಪೆಟ್ಟಿಗೆಯನ್ನು ಹೊತ್ತು ಮನೆಗೆ ಬಂದಳು. ಚಾಲಕ ಆ ಕೊನೆಯ ಮಾತನ್ನು ಹೊತ್ತು ಬಂದ.

ಮೊದಲ ದಿನ ಅವಳು ಆಟ ಶುರು ಮಾಡಿದೊಡನೆ ಪೆಟ್ಟಿಗೆಯ ಫ್ಯಾನು ಜೋರಾಗಿ ಕೂಗಿತು. ಏರು ಹತ್ತುವಾಗ ಹಳೆಯ ಎಂಜಿನ್ ಕೂಗುವ ಹಾಗೆ ಅವನಿಗೆ ಕೇಳಿಸಿತು. ಅವನು ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ. ಬಿಸಿಯಾಗಿತ್ತು.

"ನಿಲ್ಲಿಸು. ಸ್ವಲ್ಪ ಆರಲಿ."

"ಅಪ್ಪ, ಎಲ್ಲರ ಮನೆಯದ್ದೂ ಹೀಗೇ ಕೂಗುತ್ತೆ. ನಡುವೆ ನಿಲ್ಲಿಸೋಕೆ ಆಗಲ್ಲ."

ಅವನು ಅವಳ ಹಿಂದೆಯೇ ನಿಂತ. ಆಟ ಮುಗಿಯುವವರೆಗೆ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

ಮರುದಿನ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದ. ಅಂಗಡಿಯವನು ಪ್ರೊಸೆಸರಿನ ಬಿಸಿ ಎಳೆಯಲೆಂದು ಅದರ ಮೇಲೆ ಹಚ್ಚಿದ್ದ, ಈಗ ಒಣಗಿದ ಪೇಸ್ಟ್ ತೆಗೆದು ಹೊಸದು ಹಚ್ಚಿದ. ಬಿಸಿ ಕಡಿಮೆಯಾಯಿತು. ಚಾಲಕನಿಗೆ ಸಮಾಧಾನವಾಯಿತು, ಆದರೆ ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಹೊಸ ಫ್ಯಾನು ಹಾಕಿಸಿದ. ಗೋಡೆಯ ಪ್ಲಗ್ಗನ್ನು ಬದಲಿಸಿದ. ಸ್ಟೆಬಿಲೈಸರ್ ತಂದ. ಪೆಟ್ಟಿಗೆಯ ಪಕ್ಕದ ಬಾಗಿಲನ್ನು ಬಿಚ್ಚಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟ. ಒಂದು ಭಯಕ್ಕೆ ಮದ್ದು ಹಾಕಿದರೆ ಪಕ್ಕದಲ್ಲೇ ಇನ್ನೊಂದು ಮೊಳೆಯುತ್ತಿತ್ತು. ಬಾಗಿಲು ತೆರೆದಾಗ ಬಿಸಿಯ ಭಯ ಹೋಗಿ ಹಲ್ಲಿಯ ಭಯ ಬಂತು. ಬಾಗಿಲನ್ನು ಮತ್ತೆ ಮುಚ್ಚಿದ.

ಅಂಗಡಿಯವನೇ ಕೊನೆಗೆ ಹೇಳಿದ, "ಇನ್ನು ಮಾಡೋದಕ್ಕೆ ಏನೂ ಇಲ್ಲ ಅಣ್ಣ. ಮಗಳನ್ನು ಆಡೋಕೆ ಬಿಡಿ."

ಪಂದ್ಯ ಹತ್ತಿರವಾಗುತ್ತಿತ್ತು. ತಂಡದವರು ಸಂಜೆ ಸಂಜೆ ಅಭ್ಯಾಸಕ್ಕೆ ಸೇರುತ್ತಿದ್ದರು. ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವರೊಂದಿಗೆ ಮಾತಾಡುತ್ತ ಆಡುತ್ತಿದ್ದಳು. ಅವರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಅವಳು ನಗುತ್ತಿದ್ದಳು. ಒಂದು ಸಂಜೆ ಹೀಗೆ ಆಡುತ್ತಿರುವಾಗ ಚಾಲಕನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಅವನು ಯೋಚಿಸಲಿಲ್ಲ. ಧಾವಿಸಿ ಬಂದು ಗೋಡೆಯ ಪ್ಲಗ್ಗನ್ನು ಕಿತ್ತ.

ಪರದೆ ಕಪ್ಪಾಯಿತು. ಹುಡುಗಿ ಕೈಯನ್ನು ಕೀಬೋರ್ಡಿನ ಮೇಲಿಟ್ಟುಕೊಂಡೇ ಕುಳಿತಿದ್ದಳು.

ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. "ಗಾಬರಿಯಾಗಬೇಡ್ರೀ, ಹಾಲು ಉಕ್ಕಿ ತಳ ಹಿಡೀತು."

ತಂಡ ಆ ಆಟದಲ್ಲಿ ಸೋತಿತು. ಹಾಗೆ ನಡುವೆ ಮಾಯವಾಗುವವಳನ್ನು ಪಂದ್ಯಕ್ಕೆ ನಂಬುವುದು ಹೇಗೆ ಎಂದು ಗೆಳತಿಯರು ಕೇಳಿದರು. ಅವಳು ಇನ್ನೊಂದು ಅವಕಾಶ ಬೇಡಿದಳು, ಅವರು ಒಪ್ಪಿದರು. ಅಪ್ಪನನ್ನು ದೂರಲಿಲ್ಲ. "ಅಪ್ಪ ನನ್ನ ಒಳ್ಳೇದಕ್ಕೇ ಮಾಡಿದ್ದು" ಎಂದು ತಾಯಿಯ ಬಳಿ ಹೇಳಿದಳು. ಆದರೆ ಅಂದಿನಿಂದ ಅವಳು ಮಧ್ಯಾಹ್ನ ಕಾಲೇಜಿನಿಂದ ಬಂದು, ಅವನು ಕೆಲಸದಲ್ಲಿರುವ ಹೊತ್ತು ನೋಡಿ ಆಡತೊಡಗಿದಳು. ಅವನ ಹೆಜ್ಜೆ ಸದ್ದು ಕೇಳಿದರೆ ಕಂಪ್ಯೂಟರ್ ಆರಿಸಿ ಪುಸ್ತಕ ಹಿಡಿಯುತ್ತಿದ್ದಳು. ಚಾಲಕ ಮನೆಗೆ ಬಂದು ಪೆಟ್ಟಿಗೆ ಮುಟ್ಟಿ ನೋಡಿದರೆ ಬೆಚ್ಚಗಿರುತ್ತಿತ್ತು.

ತಾನು ಎದುರಿಗಿದ್ದಾಗ ಕೈಯಿಡಲಾದರೂ ಆಗುತ್ತಿತ್ತು. ಈಗ ಅದೂ ಇಲ್ಲ. ಬಸ್ ಓಡಿಸುವಾಗ ಅವನ ಮನಸ್ಸು ಮನೆಯಲ್ಲಿರುತ್ತಿತ್ತು. ಈಗ ಕೂತಿರುತ್ತಾಳೆ. ಈಗ ಬಿಸಿಯಾಗಿರುತ್ತದೆ. ತಾಯಿ ಮಧ್ಯಾಹ್ನ ಒರಗಿರುತ್ತಾಳೆ, ಹೊಗೆ ಬಂದರೆ ಯಾರಿಗೆ ತಿಳಿಯಬೇಕು. ಹೀಗೆ ನೆನೆಯುತ್ತ ನೆನೆಯುತ್ತ ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಆ ಫ್ಯಾನಿನ ಕೂಗು ಕೇಳಿಸತೊಡಗಿತು.

ಒಂದು ಮಧ್ಯಾಹ್ನ ರಸ್ತೆ ಬದಿಯಲ್ಲಿ ಒಬ್ಬ ಮುದುಕ ಕೈಯೆತ್ತಿ ನಿಂತಿದ್ದ. ಬಸ್ಸು ನಿಧಾನವಾಗದ್ದನ್ನು ಕಂಡು ಅವನು ಇನ್ನೂ ಮುಂದೆ ಬಂದ. ಚಾಲಕ ಕಂಡದ್ದು ಬಸ್ಸು ತೀರ ಹತ್ತಿರವಾದ ಮೇಲೆ. ಬ್ರೇಕನ್ನು ತುಳಿದ. ಬಸ್ಸು ಮುದುಕನ ಮುಂದೆಯೇ ನಿಂತಿತು. ನಿಂತಿದ್ದವರೆಲ್ಲ ಮುಂದಕ್ಕೆ ಬಿದ್ದರು. ತಾಯಿಯ ತೊಡೆಯ ಮೇಲಿದ್ದ ಒಂದು ಮಗುವಿನ ಹಣೆ ಎದುರಿನ ಕಂಬಿಗೆ ತಾಗಿ ಊದಿಕೊಂಡಿತು.

ನಿರ್ವಾಹಕ ಮುಂದೆ ಬಂದ. "ಏನಾಯ್ತಣ್ಣ? ಆ ಅಜ್ಜ ಎಷ್ಟು ದೂರದಿಂದ ಕೈ ಮಾಡ್ತಿದ್ದ."

"ಏನೋ ಸದ್ದು ಕೇಳಿಸಿತು."

ನಿರ್ವಾಹಕ ಕಿವಿಗೊಟ್ಟ. ಎಂಜಿನ್ ಹದವಾಗಿ ಓಡುತ್ತಿತ್ತು. "ಯಾವ ಸದ್ದೂ ಇಲ್ಲವಲ್ಲ" ಎಂದ.

ಚಾಲಕ ಮಗುವಿನ ತಾಯಿಯ ಮುಂದೆ ಕೈ ಮುಗಿದ. ಆದರೂ ಅಂದು ಮನೆಗೆ ಹೋಗುವಾಗ ಅವನು ಯೋಚಿಸಿದ್ದು, ತಾನು ಮನೆಯಲ್ಲೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು.

ಆದ್ದರಿಂದ ಪಂದ್ಯದ ದಿನ ಅವನು ರಜೆ ಹಾಕಿದ. ಮಗಳಿಗೆ ಅದು ಸಂತೋಷವೂ ಆಯಿತು, ಅಂಜಿಕೆಯೂ ಆಯಿತು.

"ಅಪ್ಪ, ಒಂದು ಮಾತು ಕೊಡು. ಏನೇ ಆಗಲಿ, ಪ್ಲಗ್ ಕೀಳಬೇಡ."

"ಕೀಳುವುದಿಲ್ಲ."

"ನನ್ನ ಪಕ್ಕದಲ್ಲೇ ಕೂತ್ಕೋ. ನೋಡು."

ಅವನು ಸ್ಟೂಲು ತಂದು ಪಕ್ಕದಲ್ಲಿ ಕುಳಿತ. ಪಂದ್ಯ ಆರಂಭವಾಯಿತು. ಫ್ಯಾನು ಕೂಗಿತು. ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಿವಿಯನ್ನು ಅದರ ಹತ್ತಿರ ತಂದ. ಬಿಸಿ ಏರಿತು. ಸ್ವಲ್ಪ ಇಳಿಯಿತು. ಮತ್ತೆ ಏರಿತು. ಅವನ ಬೆನ್ನು ಬೆವರಿತು. ಮಗಳು ಏನೋ ಕೂಗಿ ಹೇಳುತ್ತಿದ್ದಳು. ಅವಳ ಕುರ್ಚಿ ಕಿರುಗುಟ್ಟುತ್ತಿತ್ತು. ಒಮ್ಮೆ ಫ್ಯಾನಿನ ಸದ್ದು ಬದಲಾದಂತೆ ಅನ್ನಿಸಿತು. ಅವನ ಇನ್ನೊಂದು ಕೈ ತಾನಾಗಿಯೇ ಪ್ಲಗ್ಗಿನತ್ತ ಹೋಯಿತು. ಮಾತು ಕೊಟ್ಟದ್ದು ನೆನಪಾಯಿತು. ಹಲ್ಲು ಕಚ್ಚಿ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ದೇವರೇ, ಇದೊಂದು ದಿನ ತಡೆಯಲಿ ಎಂದು ಬೇಡಿಕೊಂಡ.

ಪೆಟ್ಟಿಗೆ ಸುಡಲಿಲ್ಲ. ನಡುವೆ ನಿಲ್ಲಲೂ ಇಲ್ಲ. ಆಟ ಮುಗಿಯಿತು. ಫ್ಯಾನಿನ ಕೂಗು ಇಳಿಯಿತು.

ತಂಡ ಗೆದ್ದಿತ್ತು. ಕೊನೆಯ ಗಳಿಗೆಯಲ್ಲಿ ಗೆಲ್ಲಿಸಿದವಳು ಅವಳೇ ಎಂದು ಹೆಡ್‌ಫೋನಿನೊಳಗೆ ಗೆಳತಿಯರು ಕೂಗುತ್ತಿದ್ದರು. ಅವಳು ಅದನ್ನು ಕಿವಿಯಿಂದ ತೆಗೆದು ಅಪ್ಪನತ್ತ ತಿರುಗಿದಳು.

"ಅಪ್ಪ, ನೋಡಿದ್ಯಾ?"

ಚಾಲಕ ಹಣೆಯ ಬೆವರು ಒರೆಸಿಕೊಂಡ. ಅವನ ಕಣ್ಣು ತುಂಬಿ ಬಂದಿತ್ತು.

"ನೋಡಿದೆ ಮಗಳೇ. ಒಂದು ಸಲವೂ ಬಿಸಿ ಮೀರಲಿಲ್ಲ."

ಹುಡುಗಿ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಹೌದಪ್ಪ" ಎಂದು ಹೇಳಿ, ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

ಮುಂದೆ ಇನ್ನೇನಾದರೂ ಬರುತ್ತದೆ ಎಂದು ಶಂಭುಲಿಂಗ ಎಣಿಸಿದ್ದ.

"ಆದರೆ ಗುರುಗಳೇ, ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎನ್ನಲಾಗುವುದಿಲ್ಲ."

"ಎನ್ನಲಾಗುವುದಿಲ್ಲ. ತುಂಬ ಇತ್ತು."

ಶಂಭುಲಿಂಗನಿಗೆ ಆ ಉತ್ತರದಿಂದ ಧೈರ್ಯ ಬಂದಂತಾಯಿತು. ಕತೆಯಲ್ಲಿ ತನಗೆ ತಿಳಿಯದೆ ಉಳಿದದ್ದನ್ನು ಕೇಳಿದ.

"ಆ ಹುಡುಗಿ ಅಷ್ಟು ದಿನ ಆಡಿದ್ದು ಯಾವ ಆಟ?"

ಗುರುಗಳು ಹೇಳಿದರು, "ನಾನೂ ಅದನ್ನೇ ಕೇಳಿದೆ, ಅವಳ ತಂದೆಗೆ ಗೊತ್ತಿರಲಿಲ್ಲ."