ಕಾಣದ ಬೆಳಕಿನ ಸಾಕ್ಷಿ

ಗದಗಿನಿಂದ ಮೂರು ಹರದಾರಿ ಆಚೆಗೆ ಒಂದು ಹಳೆಯ ಮಿಷನ್ ಕಾಂಪೌಂಡು. ಅದರ ದೇವಾಲಯದ ಹಿಂದೆ, ಒಂದು ಕಾಲಕ್ಕೆ ಮಗ್ಗ ಹೂಡಿದ್ದ ಹಂಚಿನ ಕೋಣೆಯಲ್ಲಿ ಪೂಜ್ಯ ಶಿಮೆಯೋನಪ್ಪನವರು ವಾಸವಾಗಿದ್ದರು. ನಲವತ್ತು ವರ್ಷ ಕ್ರಿಸ್ತನ ಮಾತು ಸಾರುವ ಸುವಾರ್ತಿಕರಾಗಿ ಊರೂರು ತಿರುಗಿ ಕಾಲು ಸವೆಸಿದ ಮಹನೀಯರು ಅವರು. ವಯಸ್ಸಾದ ಮೇಲೆ ಒಂದು ಕಡೆ ಕೂತರು, ಆದರೆ ಕೈ ಕೂರಲಿಲ್ಲ. ಜನರ ಮನೆಯ ಹರಿದ ಹೊರಸುಗಳನ್ನು, ಹಗ್ಗದ ಮಂಚಗಳನ್ನು ತರಿಸಿಕೊಂಡು ಹೊಸ ಹಗ್ಗ ಹೆಣೆದು ಕೊಡುತ್ತಿದ್ದರು. ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಶನಿವಾರ ಸಂಜೆಯಾದರೆ ಅಲ್ಲಿಯ ಕ್ರೈಸ್ತ ಸಭೆಯ ಹರೆಯದ ಹುಡುಗ ಹುಡುಗಿಯರು ಆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಸೇರುತ್ತಿದ್ದರು. ಶಿಮೆಯೋನಪ್ಪನವರು ಪ್ರಸಂಗ ಮಾಡುವವರಲ್ಲ. "ಈ ವಾರ ಏನೇನಾತಪಾ?" ಎಂದು ಕೇಳಿ ತಮ್ಮ ಪಾಡಿಗೆ ಹೆಣೆಯುತ್ತ ಕೂರುವರು. ಮನೆಯಲ್ಲಿ ಬಾಯಿ ಬಿಡದ ಮಕ್ಕಳು ಅಲ್ಲಿ ಬಾಯಿ ಬಿಡುತ್ತಿದ್ದವು. ಇದು ಸಭೆಯ ಹಿರಿಯರಿಗೆ ಒಂದು ಸೋಜಿಗ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ದೃಢೀಕರಣ ಪಡೆದು ಮೊದಲ ಸಲ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಕ್ಕೆ ಬರುವ ಮಕ್ಕಳು ಅದರ ಹಿಂದಿನ ರವಿವಾರ ಎಲ್ಲರೆದುರು ನಿಂತು, ದೇವರು ತಮ್ಮನ್ನು ಹೇಗೆ ಹಿಡಿದ ಎಂದು ಸಾಕ್ಷಿ ಹೇಳಬೇಕು. ಒಳ್ಳೆಯ ಪದ್ಧತಿಯೇ. ಆದರೆ ಬರಬರುತ್ತ ಅದಕ್ಕೆ ಒಂದು ರುಚಿ ಹತ್ತಿತು. ಯಾರ ಪಾಪ ದೊಡ್ಡದೋ ಅವರಿಗೆ ಹೆಚ್ಚು ಕಣ್ಣೀರು, ಯಾರು ಬೆಳಕು ಕಂಡರೋ ಅವರಿಗೆ ಹೆಚ್ಚು ಹಲ್ಲೆಲೂಯ. ಸುಮ್ಮನೆ ಬೆಳೆದ, ಸುಮ್ಮನೆ ಪ್ರಾರ್ಥಿಸಿದ ಮಕ್ಕಳ ಮಾತಿಗೆ ಹಿಂದಿನ ಸಾಲಿನವರು ಆಕಳಿಸುತ್ತಿದ್ದರು.

ಓಬೇದನಿಗೆ ಆಗ ಹದಿನೇಳು. ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕಿದ್ದ ಎಸ್ತೇರವ್ವನ ಒಬ್ಬನೇ ಮಗ. ಬೀಡಿ ಸೇದಿದವನಲ್ಲ, ಬೈಗುಳ ಆಡಿದವನಲ್ಲ. ಸಾಕ್ಷಿಯ ವಾರ ಗೆಳೆಯರು ಅವನನ್ನು ಹುರಿದು ಮುಕ್ಕಿದರು.

"ನೀ ಏನ್ ಹೇಳ್ತೀಯೋ ಓಬ್ಯಾ? ಮಜ್ಜಿಗಿ ಕುಡದು ದಾರಿ ತಪ್ಪಿದ್ದೆ ಅಂತೀಯೇನು?"

ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಒಳಗೆ ಬೇರೊಂದು ಅಂಜಿಕೆ ಕೂತಿತ್ತು. ಇವರೆಲ್ಲರಿಗೂ ಏನೋ ಕಂಡಿದೆ, ನನಗೊಬ್ಬನಿಗೇ ಏನೂ ಕಂಡಿಲ್ಲ. ಹಾಗಾದರೆ ನಾನು ಲೆಕ್ಕಕ್ಕಿಲ್ಲದವನೋ, ಅಥವಾ ಅಲ್ಲಿ ಯಾರೂ ಇಲ್ಲವೇ ಇಲ್ಲವೋ? ಈ ಪ್ರಶ್ನೆಯನ್ನು ಯಾರ ಮುಂದೆಯೂ ಇಡಲಾರದೆ, ರವಿವಾರ ಎದ್ದು ನಿಂತವನೇ ಒಂದು ಕಥೆ ಹೇಳಿಬಿಟ್ಟ. ಅವ್ವ ಕೆಲಸಕ್ಕೆ ಹೋದಾಗ ಕದ್ದು ಸಾರಾಯಿ ಕುಡಿಯುತ್ತಿದ್ದನಂತೆ. ಒಂದು ದಿನ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಎಚ್ಚರ ತಪ್ಪಿ ಬಿದ್ದಿದ್ದನಂತೆ. ಆಗ ಕಣ್ಣು ಕುಕ್ಕುವ ಬೆಳಕು ಇಳಿದು, ಅದರೊಳಗಿಂದ ತನ್ನ ಹೆಸರು ಹಿಡಿದು ಕರೆದ ದನಿ ಕೇಳಿತಂತೆ.

ದೇವಾಲಯ ಬಿಕ್ಕಿ ಬಿಕ್ಕಿ ಅತ್ತಿತು. ಸಭೆಯ ಹಿರಿಯರಾದ ಜಯವಂತಪ್ಪನವರು ಅವನನ್ನು ಅಪ್ಪಿಕೊಂಡು, "ಮುಂದಿನ ತಿಂಗಳು ಹುಬ್ಬಳ್ಳಿ ಯುವಜನ ಸಮಾವೇಶದಾಗ ಇದನ್ನ ನೀ ಹೇಳಾಕ ಬೇಕು. ನಾಲ್ಕು ಸಾವಿರ ಮಂದಿ ಕೂಡ್ತದ" ಎಂದರು. ಎಸ್ತೇರವ್ವ ಮಾತ್ರ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. "ನಾ ಪಾಳಿಗೆ ಹೋದಾಗ ಹಿಂಗ ಮಾಡ್ತಿದ್ದಿ ಏನೋ? ನನಗ ಯಾಕ ತಿಳೀಲಿಲ್ಲೋ ಮಗನ" ಎಂದಳು. ಇಲ್ಲವ್ವಾ, ಎಲ್ಲಾ ಸುಳ್ಳು ಎನ್ನಲು ಓಬೇದನಿಗೆ ನಾಲಿಗೆ ಏಳಲಿಲ್ಲ.

ಸಮಾವೇಶಕ್ಕೆ ಮೂರು ದಿನ ಇರುವಾಗ ಸುದ್ದಿ ಬಂತು. ಓಣಿಯ ಮಿಕಾಯ, ಇನ್ನೂ ಹದಿನೈದು ತುಂಬದ ಹುಡುಗ, ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಕುಡಿದು ಬಿದ್ದಿದ್ದಾನೆ. ಕಲ್ಲಿಗೆ ಹಣೆ ಬಡಿದು ಏಳು ಹೊಲಿಗೆ ಬಿದ್ದಿವೆ.

ಓಬೇದ ಆಸ್ಪತ್ರೆಗೆ ಓಡಿದ. ಮಿಕಾಯನ ಒಂದು ಕಣ್ಣು ಬಾತು ಮುಚ್ಚಿತ್ತು. ಇನ್ನೊಂದು ಕಣ್ಣಿನಿಂದ ಇವನನ್ನು ನೋಡಿ ಮೆಲ್ಲಗೆ ಕೇಳಿದ:

"ಅಣ್ಣಾ, ನೀ ಹೇಳಿದ ಜಾಗಾನ ಹುಡುಕ್ಕೊಂಡು ಹೋಗಿದ್ದೆ. ನನಗ ಬೆಳಕು ಕಾಣಲಿಲ್ಲ. ಇನ್ನೊಂದೀಟು ಕುಡೀಬೇಕಿತ್ತೇನು?"

ಆ ಮಾತು ಓಬೇದನ ಎದೆಗೆ ಗೂಟ ಜಡಿದಂತೆ ಜಡಿಯಿತು. ಅಲ್ಲಿಂದ ಹೊರಬಿದ್ದವನಿಗೆ ಎಲ್ಲಿ ಹೋಗುತ್ತಿದ್ದೇನೆ ಎಂಬ ಅರಿವಿರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಹೋದ. ನಿಂತಿದ್ದ ಬಸ್ಸು ಹತ್ತಿ ಎತ್ತಲಾದರೂ ಹೋಗಿಬಿಡೋಣ ಎಂದು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟ. ಕಂಡಕ್ಟರ್ "ಎಲ್ಲಿಗೋ?" ಎಂದ. ಓಬೇದ ಇಳಿದ. ಕಾಲು ತಾವಾಗಿ ಹಂಚಿನ ಕೋಣೆಯ ಕಡೆ ತಿರುಗಿದವು.

ಮಧ್ಯಾಹ್ನದ ಬಿಸಿಲು. ಶಿಮೆಯೋನಪ್ಪನವರು ಬಾಗಿಲಲ್ಲಿ ಹೊರಸನ್ನು ಅಡ್ಡ ಹಾಕಿಕೊಂಡು ಹಗ್ಗ ಬಿಗಿಯುತ್ತಿದ್ದರು. ಹುಡುಗನ ಮುಖ ನೋಡಿದರು. ಹಗ್ಗದ ತುದಿಯೊಂದನ್ನು ಅವನ ಕೈಗೆ ಕೊಟ್ಟರು.

"ಜಗ್ಗಿ ಹಿಡಿ."

ಹಿಡಿದ. ಹಿಡಿದುಕೊಂಡೇ ಎಲ್ಲವನ್ನೂ ಕಾರಿದ. ಮಜ್ಜಿಗೆಯ ಚೇಷ್ಟೆಯಿಂದ ಮಿಕಾಯನ ಹೊಲಿಗೆಯ ತನಕ ಒಂದನ್ನೂ ಬಿಡಲಿಲ್ಲ. ಕೊನೆಗೆ ಅವನಿಗೆ ಸಿಟ್ಟೇ ಬಂತು.

"ನನಗ ಯಾವ ಬೆಳಕೂ ಕಂಡಿಲ್ಲ್ರಿ ಅಜ್ಜಾರ. ಯಾವ ದನೀನೂ ಕೇಳಿಲ್ಲ. ಸಣ್ಣಾಂವ ಇದ್ದಾಗಿಂದ ಪ್ರಾರ್ಥನಾ ಮಾಡೀನಿ, ಆ ಕಡಿಂದ ಹೂಂ ಅಂದಿಲ್ಲ, ಹಾಂ ಅಂದಿಲ್ಲ. ಅಲ್ಲಿ ಯಾರರ ಅದಾರೋ ಇಲ್ಲೋ, ಅದೂ ನನಗ ಗೊತ್ತಿಲ್ಲ. ನಿಮಗೇನ್ರಿ, ದೊಡ್ಡವರು, ನಿಮಗ ಕಂಡಿರ್ತದ!"

ಶಿಮೆಯೋನಪ್ಪನವರು ಕೈ ನಿಲ್ಲಿಸಿದರು.

"ನನಗೂ ಕಂಡಿಲ್ಲ, ತಮ್ಮಾ."

ಓಬೇದನ ಕೈಯಿಂದ ಹಗ್ಗ ಜಾರಿತು. ನಲವತ್ತು ವರ್ಷ ಕ್ರಿಸ್ತನ ಹೆಸರನ್ನು ಬಿಸಿಲು ಮಳೆಯಲ್ಲಿ ಹೊತ್ತು ತಿರುಗಿದ ಮನುಷ್ಯರು! ಪ್ಲೇಗು ಬಂದವರಂತೆ ಜನ ದೂರವಿಟ್ಟ ಕುಷ್ಠರೋಗಿಗಳ ಹುಣ್ಣು ತೊಳೆದವರು! ಅವರ ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ನೋವೂ ಇರಲಿಲ್ಲ. ಮಧ್ಯಾಹ್ನ ಊಟವಾಯಿತು ಎಂದಷ್ಟೇ ಸಲೀಸಾಗಿ ಹೇಳಿದ್ದರು.

"ಮತ್ತ ಇಷ್ಟು ವರ್ಷ... ಹೆಂಗ್ರಿ?"

"ದಿನಾ ಎದ್ದು ಹೋದೆ. ಕರೆದ ಮನಿಗೂ ಹೋದೆ, ಕರೀದ ಮನಿಗೂ ಹೋದೆ. ಆತ ನನ್ನ ಜೋಡಿ ಬಂದಾನ ಅಂತ ನಂಬಿ ಹೋದೆ. ಅಷ್ಟ." ಜಾರಿದ ಹಗ್ಗವನ್ನು ಮತ್ತೆ ಹುಡುಗನ ಕೈಗಿಟ್ಟು ಹೇಳಿದರು: "ಕಂಡದ್ದನ್ನ ಕಂಡೆ ಅನ್ನೂದು ಸಾಕ್ಷಿ. ಕಾಣದ್ದನ್ನ ಕಂಡಿಲ್ಲ ಅನ್ನೂದೂ ಸಾಕ್ಷೀನ. ಸುಳ್ಳಿನ ಬೆಳಕು ಬ್ಯಾಡ. ಅದರಾಗ ಸಣ್ಣ ಹುಡುಗರು ಮುಗ್ಗರಿಸ್ತಾರ."

ಮುಂದೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಓಬೇದನೂ ಕೇಳಲಿಲ್ಲ. ಹಗ್ಗ ಬಿಗಿದು ಮುಗಿಯುವವರೆಗೆ ಹಿಡಿದು ನಿಂತ, ನಮಸ್ಕರಿಸಿದ, ಹೊರಟ. ಮನೆಗೆ ಹೋಗಿ ಅವ್ವನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಎಸ್ತೇರವ್ವ ಅವನ ಕಪಾಳಕ್ಕೆ ಒಂದು ಬಿಟ್ಟಳು. ಆಮೇಲೆ ಅದೇ ಕೆನ್ನೆ ಸವರಿ ಅತ್ತಳು.

ರವಿವಾರ ಆರಾಧನೆಯ ಹೊತ್ತಿಗೆ ಹುಬ್ಬಳ್ಳಿಗೆ ಹೋಗುವ ಬಸ್ಸು ಕಾಂಪೌಂಡಿಗೆ ಬಂದು ನಿಂತಿತ್ತು. ಪ್ರಕಟಣೆ ಓದುತ್ತ ಜಯವಂತಪ್ಪನವರು, "ನಮ್ಮ ಹುಡುಗ ಓಬೇದ ಇವತ್ತ ನಾಲ್ಕು ಸಾವಿರ ಮಂದಿ ಮುಂದ..." ಎನ್ನುತ್ತಿರುವಾಗಲೇ ಓಬೇದ ಎದ್ದ. ಮುಂದಿನ ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನಾ ಹೇಳಿದ್ದು ಸುಳ್ಳು. ನಾ ಕುಡದಿಲ್ಲ, ಬೆಳಕೂ ಕಂಡಿಲ್ಲ. ನನ್ನ ಮಾತು ನಂಬಿ ಮಿಕಾಯ ಹಣಿ ಒಡಕೊಂಡಾನ."

"ಏಯ್, ಕೂಡ ಕೆಳಗ!" ಜಯವಂತಪ್ಪನವರ ಮುಖ ಕೆಂಪೇರಿತ್ತು. "ಅಲ್ಲಿ ಕಾರ್ಯಕ್ರಮದ ಹಾಳಿ ಮ್ಯಾಲೆ ನಿನ್ನ ಹೆಸರು ಅಚ್ಚಾಗೇತಿ! ಸಭಾದ ಮಾನ ತಗೀತಿಯೇನಲೇ?"

"ಮಾನ ಹೋದ್ರ ಹೋಗ್ಲಿರಿ ಕಾಕಾ. ಇನ್ನೊಬ್ಬ ಹುಡುಗ ಬೀಳಬಾರ್ದು." ಓಬೇದ ಕೂರಲಿಲ್ಲ. "ನನಗ ದೇವರು ಕಂಡಿಲ್ಲ. ಆದ್ರೂ ನಾ ಆತನ್ನ ಬಿಡೂದಿಲ್ಲ. ನನ್ನ ಹತ್ರ ಇರೂ ಸಾಕ್ಷಿ ಇಷ್ಟ."

ಹಲ್ಲೆಲೂಯ ಯಾರೂ ಅನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೂ ಆಕಳಿಸಲೂ ಇಲ್ಲ. ಬಸ್ಸು ಅವನನ್ನು ಬಿಟ್ಟು ಹೋಯಿತು.

ಕಠಿಣ ಕೆಲಸ ಇನ್ನೂ ಬಾಕಿ ಇತ್ತು. ಅಂದು ಸಂಜೆ ಮಿಕಾಯನ ಮನೆಗೆ ಹೋಗಿ ಇದ್ದದ್ದನ್ನು ಹೇಳಿದ. ಮಿಕಾಯ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. "ನೀನೂ ಸುಳ್ಳು, ನಿನ್ನ ದೇವರೂ ಸುಳ್ಳು. ನಡೀ ಹೊರಗ." ಮರುದಿನ ಹೋದ. ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಕಿಟಕಿಯಿಂದ ಒಂದು ತಂಬಿಗೆ ನೀರು ಮೈಮೇಲೆ ಬಿತ್ತು. ತೋಯ್ದ ಅಂಗಿಯಲ್ಲೇ ಅವರ ಮನೆಯ ಕಟ್ಟೆಯ ಮೇಲೆ ಕೂತ. ಓಣಿಯ ಹೆಂಗಸರು ನಕ್ಕರು. ಗೆಳೆಯರು, "ಏನೋ ಓಬ್ಯಾ, ಹೆಜ್ಜಿಗೊಮ್ಮೆ ಅಡ್ಡಬಿದ್ದು ದೀಡ ನಮಸ್ಕಾರ ಹಾಕಾಕ ಶುರು ಮಾಡೋದೊಂದು ಉಳೀತು" ಎಂದು ಕಿಚಾಯಿಸಿದರು. ಹೋಗುವುದನ್ನು ಅವನು ಬಿಡಲಿಲ್ಲ. ಹೋಗುತ್ತಿದ್ದ, ಅರ್ಧ ತಾಸು ಕೂರುತ್ತಿದ್ದ, ಬರುತ್ತಿದ್ದ. ಒಳಗಿನಿಂದ ಹೂಂ ಇಲ್ಲ, ಹಾಂ ಇಲ್ಲ. ಹಾಗೆ ಕೂತು ಕೂತು ಒಂದು ದಿನ ಅವನಿಗೆ ಹೊಳೆಯಿತು: ತೆರೆಯದ ಬಾಗಿಲ ಮುಂದೆ ಇಷ್ಟು ಹಟ ಹಿಡಿದು ಕೂತಿರುವ ನನ್ನೊಳಗೆ ಈ ಹಟ ಇಟ್ಟವರು ಯಾರು? ನಾನಂತೂ ಅಲ್ಲ. ನಾನು ಬಸ್ಸು ಹತ್ತಿ ಓಡಿಹೋಗಲು ಹೊರಟಿದ್ದವನು.

ಹದಿನಾಲ್ಕನೆಯ ದಿನ ಶನಿವಾರ. ಬಾಗಿಲು ಕಿರುಗುಟ್ಟಿತು. ಮಿಕಾಯ ಹೊರಗೆ ಬಂದು, ಚಪ್ಪಲಿ ಮೆಟ್ಟುತ್ತ, ಇವನ ಮುಖ ನೋಡದೆಯೇ ಕೇಳಿದ:

"ದಿನಾ ಬರ್ತೀಯಲ್ಲಾ, ನಿನಗ ಬ್ಯಾಸರಾಗೂದಿಲ್ಲೇನು?"

"ಆಗ್ತದ."

"ಮತ್ತ?"

"ಬ್ಯಾಸರಾದ್ರೂ ಬರ್ತೀನಿ."

ಇಬ್ಬರೂ ಕೂಡಿ ನಡೆದರು.

ಹಂಚಿನ ಕೋಣೆಯ ಕಟ್ಟೆಯ ಮೇಲೆ ಹುಡುಗ ಹುಡುಗಿಯರು ಆಗಲೇ ಸೇರಿದ್ದರು. ಇಬ್ಬರೂ ಕೂಡಿ ಬರುವುದನ್ನು ಕಂಡು ಎಲ್ಲರೂ ಸರಿದು ಜಾಗ ಬಿಟ್ಟರು. ಶಿಮೆಯೋನಪ್ಪನವರು ಓಬೇದನ ಕಡೆ ನೋಡಿ, "ಇವತ್ತ ನೀ ಪ್ರಾರ್ಥನಾ ಮಾಡು" ಎಂದರು. ಬಾಯಿಪಾಠದ ಪ್ರಾರ್ಥನೆಗಳು ಅವನಿಗೆ ಹತ್ತಾರು ಬರುತ್ತಿದ್ದವು. ಆ ಸಂಜೆ ಒಂದೂ ನೆನಪಿಗೆ ಬರಲಿಲ್ಲ. ಎದ್ದು ನಿಂತು ಕಣ್ಣು ಮುಚ್ಚಿದ. ಕೊನೆಗೆ ಅವನ ಬಾಯಿಂದ ಬಂದದ್ದು ಇಷ್ಟೇ:

"ಸ್ವಾಮೀ, ಇವತ್ತೂ ನೀ ನಮಗ ಕಂಡಿಲ್ಲ. ಆದ್ರೂ ನಾವಿಬ್ಬರೂ ಬಂದೀವಿ."

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವನು ಮಿಕಾಯ.