ಪರದೆಯೊಳಗಿನ ಕೋಸು

ಕೋಸಿನ ಮಡಿಗೆ ಹುಳ ಬೀಳಬಾರದೆಂದು ದ್ಯಾವಮ್ಮ ಬಿಳಿ ಬಲೆಯ ಪರದೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿದಳು. ಅಂದಿನಿಂದ ಒಳಗಿದ್ದ ಕೋಸಿನ ಬಿಂಕವೋ ಬಿಂಕ! ಪರದೆ ಎಳೆದುಕೊಂಡವರ ಮನೆಯಲ್ಲಿ ಏನು ನಡೆಯುತ್ತದೆಂದು ನೋಡದಿದ್ದರೆ ಗೊರವಂಕಕ್ಕೆ ಕೂಳು ಇಳಿಯುವುದುಂಟೇ? ಅದು ಕುಪ್ಪಳಿಸಿ ಬಂದು ಬಲೆಗೆ ಕಣ್ಣಿಟ್ಟಿತು.

"ದೂರ ನಿಲ್ಲೇ, ಕಂಡವರ ಹೊಲದಲ್ಲಿ ಹುಳ ಹೆಕ್ಕುವವಳೇ," ಎಂದಿತು ಕೋಸು. "ಇದು ಮರ್ಯಾದಸ್ಥರ ಮನೆ. ಒಂದು ಚಿಟ್ಟೆಯೂ ಒಳಗೆ ಬರುವಂತಿಲ್ಲ."

"ಹೌದೇ ತಾಯಿ! ಹಾಗಾದರೆ ನಿನ್ನ ಎಲೆಯಡಿ ಹಾಯಾಗಿ ಮಲಗಿರುವ ಆ ಹಸಿರು ಮೈಯವನು ಯಾರು? ನೆಂಟನೋ?"

ಕೋಸು ಬೆಚ್ಚಿತು. ಪರದೆ ಬೀಳುವ ಮೊದಲೇ ಚಿಟ್ಟೆ ಎಲೆಯಡಿ ಮೊಟ್ಟೆಯಿಟ್ಟು ಹೋಗಿತ್ತು. ದ್ಯಾವಮ್ಮ ಎಲೆ ತಿರುವಿ ನೋಡಿರಲಿಲ್ಲ. ಈಗ ಹುಳ ಕೊಬ್ಬಿ, ನಡುಸುಳಿಯತ್ತ ತೆವಳತೊಡಗಿತ್ತು.

"ಅಕ್ಕಾ, ಸುಳಿ ಹೋದರೆ ನಾನು ಗಡ್ಡೆ ಕಟ್ಟುವುದಿಲ್ಲ. ಇವನನ್ನು ತಿಂದುಬಿಡೇ!"

"ಈಗ ಅಕ್ಕನಾದೆನೇ?" ಎನ್ನುತ್ತಲೇ ಗೊರವಂಕ ಬಲೆಯನ್ನು ಕುಕ್ಕಿತು. ಕೊಕ್ಕು ತೂರಲಿಲ್ಲ. ಒಡತಿಯನ್ನಾದರೂ ಕರೆಯೋಣವೆಂದು ಗಂಟಲು ಹರಿಯುವಂತೆ ಕೂಗಿತು.

ದ್ಯಾವಮ್ಮ ಓಡಿ ಬಂದಳು. "ಹಾಳು ಹಕ್ಕಿ, ನನ್ನ ಕೋಸಿನ ಮೇಲೆ ಕಣ್ಣೇ ನಿನಗೆ?" ಎಂದು ಮಣ್ಣಿನ ಹೆಂಟೆ ಬೀಸಿ ಓಡಿಸಿದಳು. ಅಷ್ಟಕ್ಕೇ ಬಿಡದೆ ಪರದೆಯ ಅಂಚಿಗೆ ಇನ್ನೆರಡು ಬುಟ್ಟಿ ಮಣ್ಣು ಸುರಿದು ಮೆಟ್ಟಿದಳು.

ಒಳಗೆ ಹುಳ ಸುಳಿಗೆ ಬಾಯಿ ಹಾಕುತ್ತಾ ಕೋಸಿಗೆ ಹೇಳಿತು: "ನಿನ್ನ ಒಡತಿ ಪುಣ್ಯಾತ್ಗಿತ್ತಿ ಕಣೇ. ಹೆತ್ತವ್ವನೂ ನನ್ನನ್ನು ಇಷ್ಟು ಜೋಪಾನ ಮಾಡಲಿಲ್ಲ."