ಕಾಗೆ ಹೇಳಿದ ಸುಳ್ಳು ವಿಳಾಸ

ಶಾಲೆಯ ಗೋಡೆಯ ಮೇಲೆ ಮಕ್ಕಳು ಹತ್ತು ಇಟ್ಟಿಗೆ ಉದ್ದದ ಗೆರೆ ಎಳೆದು, ಈ ತುದಿಗೆ ಸೊನ್ನೆ, ಆ ತುದಿಗೆ ಒಂದು ಎಂದು ಬರೆದಿದ್ದರು. ಗೆರೆಯ ಮುಕ್ಕಾಲು ಭಾಗಕ್ಕೆ ಸರಿಯಾಗಿದ್ದ ಬಿರುಕಿನಲ್ಲಿ ಕಾಗೆಯೊಂದು ಪಪ್ಪಾಯಿ ಹೋಳು ಬಚ್ಚಿಟ್ಟಿತ್ತು.

ಸೊನ್ನೆಯ ಹತ್ತಿರವಿದ್ದ ಬಸವನಹುಳು, "ಕಾಗಣ್ಣ, ಆ ಹಣ್ಣಲ್ಲಿ ನನಗೊಂದು ತುತ್ತು ಕೊಡು. ಎಲ್ಲಿದೆ ಅಂತ ಸರಿಯಾಗಿ ಹೇಳು. ಹುಡುಕುತ್ತಾ ಕೂತರೆ ಬಿಸಿಲಿಗೆ ಒಣಗಿಹೋಗುತ್ತೇನೆ," ಎಂದಿತು.

ಕಿಟಕಿಯಲ್ಲಿ ಕೂತು ಅರ್ಧಂಬರ್ಧ ಕೇಳಿದ್ದ ದಶಮಾಂಶದ ಪಾಠ ಕಾಗೆಗೆ ನೆನಪಾಯಿತು. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಸೊನ್ನೆಯ ಮಗ್ಗುಲಲ್ಲೇ ಇರಬೇಕು, ಈ ಹುಳು ಅಲ್ಲೇ ಸುತ್ತುತ್ತಿರಲಿ ಎಂದುಕೊಂಡು, ಪಾಠದಲ್ಲಿ ಕಿವಿಗೆ ಬಿದ್ದಿದ್ದ ಸಂಖ್ಯೆಯನ್ನೇ ಹಿಡಿದು, "ಸೊನ್ನೆ ಪಾಯಿಂಟ್ ಏಳು ಐದರಲ್ಲಿದೆ ಕಣಕ್ಕಾ, ಹೋಗಿ ತಿನ್ನು," ಎಂದಿತು.

ಬಸವನಹುಳು ಏಳು ಇಟ್ಟಿಗೆ ದಾಟಿ, ಎಂಟನೆಯದರ ನಟ್ಟನಡುವೆ ನಿಂತು, ಬಿರುಕಿನೊಳಗೆ ಬಾಯಿ ಹಾಕಿತು.

ಕಾಗೆ ಕಕ್ಕಾಬಿಕ್ಕಿಯಾಯಿತು. "ಅದು ಹೇಗೆ ಸಿಕ್ಕಿತು?"

"ಹತ್ತರಲ್ಲಿ ಏಳು ಪಾಲು, ಆಮೇಲೆ ಅರ್ಧ ಪಾಲು. ಮುಕ್ಕಾಲು ಅಂದಿದ್ದರೂ ಇಲ್ಲಿಗೇ ಬರುತ್ತಿದ್ದೆ. ನಿನ್ನಂಥ ಸತ್ಯವಂತ ಇನ್ನೊಬ್ಬನಿಲ್ಲ ಬಿಡು."

ಕಾಗೆ ತಲೆ ತಗ್ಗಿಸಿ ಪಕ್ಕಕ್ಕೆ ಬಂದು ಕೂತಿತು. "ಹಣ್ಣು ಪೂರ್ತಿ ನಿನಗೇ ಅಕ್ಕಾ. ನನಗೆ ಲೆಕ್ಕ ಕಲಿಸು. ಸರಿಯಾಗಿ ಸುಳ್ಳು ಹೇಳುವುದಕ್ಕೂ ಅದು ಬೇಕಂತ ಈಗ ಗೊತ್ತಾಯಿತು."